ಇಳಿಸಿದ ಭಾರ, ಎತ್ತಿದ ಭಾರ

(ಬಾನುಲಿ ಭಾಷಣ)

ಕನ್ನಡಕ್ಕೆ ಮೊದಲಿನಿಂದಲೂ ತೂಕದ ಮೇಲೆ ಗೌರವ ಹೆಚ್ಚು. ವಿವೇಕಿಯ ಮಾತು ತೂಕದ ಮಾತು. ಅವಿವೇಕಿಯದು ಹಗುರ ಮಾತು. ಸಭೆಯಲ್ಲಿ ನಾಲ್ಕು ಜನ ಎದ್ದು ನಿಂತು ಬರಮಾಡಿಕೊಳ್ಳುವವನು ತೂಕದ ಮನುಷ್ಯ. ಈ ಲೆಕ್ಕದಲ್ಲಿ ನೋಡಿದರೆ, ಐದು ವರ್ಷಗಳ ಹಿಂದೆ ಮೈಸೂರಿನ ನಮ್ಮ ಬಡಾವಣೆಯಲ್ಲಿ ನನಗಿಂತ ಗೌರವಾನ್ವಿತನಾದ ವ್ಯಕ್ತಿ ಇನ್ನೊಬ್ಬನಿರಲಿಲ್ಲ. ನನ್ನ ತೂಕ 104 ಕಿಲೋ ಇತ್ತು. ಆಟೋರಿಕ್ಷಾದವನು ನನ್ನನ್ನು ಹತ್ತಿಸಿಕೊಳ್ಳುವ ಮುನ್ನ ಹಿಂದಿನ ಚಕ್ರದ ಕಡೆಗೆ ಒಮ್ಮೆ ಕಣ್ಣು ಹಾಯಿಸುತ್ತಿದ್ದ. ನಾನು ಕರಿಹಲಗೆಯ ಮುಂದೆ ನಿಂತರೆ ಬರೆದುದರಲ್ಲಿ ಅರ್ಧ ಕಾಣುವುದಿಲ್ಲವೆಂದು ಹುಡುಗರು ಆಡಿಕೊಳ್ಳುತ್ತಿದ್ದರು. ಮೇಷ್ಟ್ರನ್ನು ಆಡಿಕೊಳ್ಳುವುದು ಹುಡುಗರ ಹಕ್ಕು. ನಾನು ಕೇಳಿಸದವನಂತೆ ಇದ್ದುಬಿಡುತ್ತಿದ್ದೆ.

ಆ ತೂಕವನ್ನು ಇಳಿಸಿದ ಕಥೆ ದೊಡ್ಡದೇನೂ ಅಲ್ಲ. ರಕ್ತದಲ್ಲಿ ಸಕ್ಕರೆ ಏರಿತು, ಡಾಕ್ಟರು ಹೆದರಿಸಿದರು, ನಾನು ಹೆದರಿದೆ. ತಟ್ಟೆಯಲ್ಲಿದ್ದ ಅನ್ನದ ಗೋಪುರ ಗುಡ್ಡವಾಯಿತು, ಗುಡ್ಡ ದಿಬ್ಬವಾಯಿತು. ತುಪ್ಪ ಹಬ್ಬಕ್ಕೆ ಮೀಸಲಾಯಿತು. ಬೆಳಗ್ಗೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯತೊಡಗಿದೆ. ಎರಡು ವರ್ಷಗಳಲ್ಲಿ 104 ಕಿಲೋ ಇದ್ದವನು 71.5 ಕಿಲೋಗೆ ಇಳಿದೆ. ಮದುವೆ ಮನೆಗಳಲ್ಲಿ ಬಂಧುಗಳು ನನ್ನನ್ನು ಮೂಲೆಗೆ ಕರೆದು, "ಏನು, ಮೈಯಲ್ಲಿ ಹುಷಾರಿಲ್ಲವೆ?" ಎಂದು ಕೆಳದನಿಯಲ್ಲಿ ಕೇಳುತ್ತಿದ್ದರು. ಬೆರಳಿನ ಉಂಗುರ ಎರಡು ಸಲ ಕೈ ತೊಳೆಯುವಾಗ ಜಾರಿ ಬಿತ್ತು. ದರ್ಜಿಯಂತೂ ನನ್ನ ಷರಟುಗಳನ್ನು ಕಿರಿದು ಮಾಡಿ ಮಾಡಿ, ಕೊನೆಗೆ, "ಇನ್ನು ಇದರಲ್ಲಿ ಇಬ್ಬರಿಗೆ ಹೊಲಿಯಬಹುದು ಸಾರ್, ಹೊಸ ಬಟ್ಟೆ ತನ್ನಿ" ಎಂದುಬಿಟ್ಟ. ಸಕ್ಕರೆ ಹತೋಟಿಗೆ ಬಂತು. ಗೆದ್ದೆನೆಂದುಕೊಂಡೆ. ಜನ ಇಂಥ ಕಥೆಯನ್ನು ಇಲ್ಲಿಗೆ ಮುಗಿಸಿ ಮಂಗಳ ಹಾಡುತ್ತಾರೆ. ನಾನು ಇಂದು ಹೇಳಹೊರಟಿರುವುದು ಮಂಗಳವಾದ ಮೇಲಿನ ಕಥೆ.

ಒಂದು ಬೆಳಗ್ಗೆ ಬಚ್ಚಲುಮನೆಯಲ್ಲಿ ನನ್ನ ತಾಯಿ ಜಾರಿ ಕುಳಿತುಬಿಟ್ಟರು. ಆಗ ಅವರಿಗೆ 84 ವರ್ಷ. ದೇವರು ದೊಡ್ಡವನು, ಎಲುಬು ಮುರಿದಿರಲಿಲ್ಲ. ನೋವೂ ಹೆಚ್ಚಿರಲಿಲ್ಲ. ಆದರೆ ಅವರು ಏಳಲಾರದೆ ಹೋದರು. ನಾನು ಹಿಂದಿನಿಂದ ಕಂಕುಳಿಗೆ ಕೈಕೊಟ್ಟು ಎತ್ತಲು ನೋಡಿದೆ. ಅವರ ತೂಕ ಹೆಚ್ಚೆಂದರೆ 45 ಕಿಲೋ. ಎತ್ತಲಾಗಲಿಲ್ಲ. ಉಸಿರು ಬಿಗಿಹಿಡಿದು ಮತ್ತೊಮ್ಮೆ ನೋಡಿದೆ, ಮೊಣಕಾಲು ನಡುಗಿದವು. ಒದ್ದೆ ನೆಲದ ಮೇಲೆ ತಾಯಿಯನ್ನು ಕೂರಿಸಿಯೇ ಹೊರಗೆ ಓಡಿ, ಪಕ್ಕದ ಮನೆಯ ಕಾಲೇಜು ಹುಡುಗನನ್ನು ಕರೆತಂದೆ. ಅವನು ಬಂದು, ಬಗ್ಗಿ, "ಅಜ್ಜಿ, ನನ್ನ ಕತ್ತು ಹಿಡ್ಕೊಳ್ಳಿ" ಎಂದು ಹೂವಿನ ಬುಟ್ಟಿಯನ್ನು ಎತ್ತುವಂತೆ ಎತ್ತಿ ಮಂಚದ ಮೇಲೆ ಕೂರಿಸಿ, ಕಾಫಿಯನ್ನೂ ಕುಡಿಯದೆ ಹೊರಟುಹೋದ. ನನ್ನ ತಾಯಿ ಅವನಿಗೆ ಹೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ: "ಅವನಿಗೂ ವಯಸ್ಸಾಯಿತು ಮಗು, ಪಾಪ, ಇಳಿದುಹೋಗಿದ್ದಾನೆ." ನಾನು ಎರಡು ವರ್ಷ ಕಷ್ಟಪಟ್ಟು ಇಳಿಸಿದೆನೆಂದುಕೊಂಡಿದ್ದುದನ್ನು ಅವರು ಇಳಿದುಹೋದುದೆಂದು ಕರೆದರು. ವ್ಯಾಕರಣದ ಮೇಷ್ಟ್ರಾಗಿ 30 ವರ್ಷಕ್ಕೂ ಹೆಚ್ಚು ಕಾಲ ದುಡಿದವನಿಗೆ ಆ ಎರಡು ಕ್ರಿಯಾಪದಗಳ ಅಂತರ ಅಂದು ಚೆನ್ನಾಗಿ ಅರ್ಥವಾಯಿತು.

ಡಾಕ್ಟರ ಬಳಿಗೆ ಹೋಗಿ ಅಳಲನ್ನು ತೋಡಿಕೊಂಡೆ. ಅವರು ನಕ್ಕು, ನಾನು ಮರೆಯಲಾಗದಂಥ ಒಂದು ಹೋಲಿಕೆ ಕೊಟ್ಟರು. ಬರಗಾಲದಲ್ಲಿ ಒಂದು ಮನೆಯವರು ಒಲೆಗೆ ಸೌದೆಯಿಲ್ಲದೆ ಅಟ್ಟದ ಮೇಲಿನ ಹಳೆಯ ಸಾಮಾನುಗಳನ್ನು ಒಂದೊಂದಾಗಿ ಉರಿಸುತ್ತಾರೆ. ಅದು ಸರಿಯೆ. ಆದರೆ ಹಾಗೆ ಉರಿಸುತ್ತ ಉರಿಸುತ್ತ ನಡುನಡುವೆ ತೊಲೆ, ಜಂತೆಗಳನ್ನೂ ಕಿತ್ತು ಒಲೆಗೆ ಇಡುತ್ತಾರೆ. ಉಪವಾಸದಿಂದಲೇ ತೂಕ ಇಳಿಸುವವನ ದೇಹ ಮಾಡುವುದೂ ಇದನ್ನೇ. ಕರಗುವುದು ಬರಿಯ ಕೊಬ್ಬಲ್ಲ. ಕಳೆದ ತೂಕದಲ್ಲಿ ಸುಮಾರು ಕಾಲುಪಾಲು ಕೊಬ್ಬಲ್ಲದ ಭಾಗವಾಗಿರುವುದು ಸಾಮಾನ್ಯವೆಂದೂ ಅದರಲ್ಲಿ ಸ್ನಾಯುವೂ ಸೇರಿರುತ್ತದೆಂದೂ ಅವರು ಹೇಳಿದರು. ಅದರ ಮೇಲೆ ವಯಸ್ಸು ತನ್ನ ಪಾಲನ್ನು ಬೇರೆ ವಸೂಲು ಮಾಡುತ್ತಿರುತ್ತದೆ.

ಅವರು ಇನ್ನೂ ಒಂದು ಮಾತು ಹೇಳಿದರು. "ನೀವು ದಪ್ಪಗಿದ್ದಾಗ ನಿಮ್ಮ ಕಾಲುಗಳು ಬಲವಾಗಿದ್ದವು. ಏಕೆ ಗೊತ್ತೆ? ಹಗಲೆಲ್ಲ ಒಂದು ಮೂಟೆಯನ್ನು ಹೊತ್ತು ತಿರುಗುತ್ತಿದ್ದಿರಿ. ಈಗ ಮೂಟೆಯನ್ನು ಇಳಿಸಿದ್ದೀರಿ. ಹೊರೆ ಹೋದ ಮೇಲೆ ಹಮಾಲಿಯ ಕೂಲಿಯೂ ನಿಂತಿತು." ನಡಿಗೆ ಹೃದಯಕ್ಕೆ ಒಳ್ಳೆಯದು, ಆದರೆ ಕಳೆದ ತೊಲೆಯನ್ನು ಮತ್ತೆ ಕೂರಿಸುವ ಬಡಗಿ ಅದಲ್ಲ. ಅದಕ್ಕೆ ಭಾರ ಎತ್ತಬೇಕು. ಭಾರ ಇಳಿಸಿಕೊಂಡು ಬಂದವನಿಗೆ ಭಾರ ಎತ್ತು ಎಂದರೆ ಹೇಗಾಗಬೇಡ! ಸಾಲ ತೀರಿಸಿ ಬ್ಯಾಂಕಿನಿಂದ ಹೊರಬಂದವನನ್ನು ಮತ್ತೆ ಒಳಗೆ ಕರೆದಂತಾಯಿತು.

ನನ್ನ ಅಳುಕಿಗೆ ಇನ್ನೊಂದು ಕಾರಣವಿತ್ತು. ಅದನ್ನು ಒಪ್ಪಿಕೊಳ್ಳುವುದು ಒಳ್ಳೆಯದು. ಮೈಸೂರು ಗರಡಿಮನೆಗಳ ಊರು. ನಾನು ಬೆಳೆದ ಬೀದಿಯ ತುದಿಯಲ್ಲೂ ಒಂದು ಗರಡಿ ಇತ್ತು. ತಲೆ ಬಗ್ಗಿಸದೆ ಒಳಗೆ ಕಾಲಿಡಲಾಗದಂಥ ಗಿಡ್ಡ ಬಾಗಿಲು. ಒಳಗೆ ಕೆಮ್ಮಣ್ಣಿನ ಮಟ್ಟಿ, ಗೋಡೆಗೆ ಒರಗಿಸಿದ ಗದೆಗಳು, ಆಂಜನೇಯನ ಪಟ. ಸಾಮು ಮಾಡುವವರ ಹುಂಕಾರ ಬೀದಿಗೆ ಕೇಳಿಸುತ್ತಿತ್ತು. ನಾನು ಪುಸ್ತಕದ ಚೀಲ ಹೊತ್ತು ಆ ಬಾಗಿಲ ಮುಂದೆ ದಿನಕ್ಕೆ ಎರಡು ಸಲ ಹಾದುಹೋದೆನೇ ಹೊರತು ಒಮ್ಮೆಯೂ ಬಗ್ಗಿ ಒಳಗೆ ನೋಡಲಿಲ್ಲ. ಓದುವ ಹುಡುಗರಿಗೆ ಅದು ತಕ್ಕುದಲ್ಲವೆಂಬ ಭಾವನೆ ಮನೆಯಲ್ಲಿತ್ತು. ಮುಂದೆ ನಾನೇ ಮೇಷ್ಟ್ರಾದ ಮೇಲೆ, ಪಾಠ ಒಪ್ಪಿಸದ ಗಟ್ಟಿಮುಟ್ಟಾದ ಹುಡುಗನನ್ನು "ಏನಯ್ಯಾ ಪೈಲ್ವಾನ್" ಎಂದು ಕರೆಯುತ್ತಿದ್ದೆ. ತೋಳಿಗೆ ಬಲ ಬಂದಷ್ಟೂ ತಲೆ ಬರಿದಾಗುತ್ತದೆಂಬುದು ನಮ್ಮಂಥವರು ಪ್ರಮಾಣವನ್ನು ಕೇಳದೆ ನಂಬಿಕೊಂಡು ಬಂದ ಸಿದ್ಧಾಂತ.

ಆ ಸಿದ್ಧಾಂತಕ್ಕೆ ತಕ್ಕ ಉತ್ತರ ನನ್ನ ಪುಸ್ತಕದ ಕಪಾಟಿನಲ್ಲಿಯೇ ಇತ್ತು. 'ಶಾಂತಲಾ' ಕಾದಂಬರಿಯನ್ನೂ 'ರೂಪದರ್ಶಿ'ಯನ್ನೂ ಓದದ ಕನ್ನಡ ಓದುಗರು ನನ್ನ ತಲೆಮಾರಿನಲ್ಲಿ ವಿರಳ. ಅವುಗಳನ್ನು ಬರೆದ ಕೆ. ವಿ. ಅಯ್ಯರ್ ಅವರು ಯಾರು? ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನು ನಡೆಸಿ, ಅಂಗಸಾಧನೆಯಲ್ಲಿ ದೇಶಾದ್ಯಂತ ಹೆಸರಾದವರು. ಕೈಲಾಸಂ ಅವರ ಆಪ್ತರು. 1930ರ ದಶಕದಲ್ಲಿ ದೇಹದಾರ್ಢ್ಯದ ಮೇಲೆ ಇಂಗ್ಲಿಷಿನಲ್ಲಿ ಪುಸ್ತಕಗಳನ್ನು ಬರೆದರು. ದೂರದ ಊರಿನವರಿಗೆ ಅಂಚೆಯ ಮೂಲಕ ವ್ಯಾಯಾಮದ ಪಾಠ ಹೇಳಿದರು. ಸೂರ್ಯನಮಸ್ಕಾರವನ್ನೂ ಕಬ್ಬಿಣದ ಸರಳನ್ನೂ ಒಂದೇ ಅಂಗಳದಲ್ಲಿ ಕೂಡಿಸಿದರು. ಆ ತೋಳೇ ಕಾದಂಬರಿಗಳನ್ನೂ ಬರೆಯಿತು. ಅವರ ಕಾದಂಬರಿಯನ್ನು ತರಗತಿಯಲ್ಲಿ ಹೊಗಳಿದ ನಾನು ಅವರ ವೃತ್ತಿಯನ್ನು ಮಾತ್ರ ವಿನೋದದ ವಿಷಯವೆಂದು ಬಗೆದಿದ್ದೆನಲ್ಲ ಎಂದು ನಾಚಿಕೆಯಾಯಿತು. ಆ ನಾಚಿಕೆಯೇ ನನ್ನನ್ನು ಕೈಹಿಡಿದು ಕರೆದುಕೊಂಡು ಹೋಯಿತೆನ್ನಬೇಕು.

ಹೋದದ್ದು ಗರಡಿಗಲ್ಲ, ಅದಕ್ಕೆ ಧೈರ್ಯ ಸಾಲಲಿಲ್ಲ. ಮನೆಯ ಹತ್ತಿರ ಮೂರನೆಯ ಮಹಡಿಯಲ್ಲಿರುವ ಜಿಮ್ಮಿಗೆ. ಗೋಡೆಯ ತುಂಬ ಕನ್ನಡಿ. ಗರಡಿಯಲ್ಲಿ ಮನುಷ್ಯ ಎದುರಾಳಿಯನ್ನು ನೋಡುತ್ತಾನೆ. ಇಲ್ಲಿ ತನ್ನನ್ನೇ ನೋಡಿಕೊಳ್ಳುತ್ತಾನೆ. ಅಲ್ಲಿನ ತರಬೇತುದಾರ ನನ್ನನ್ನು ಕಂಡು ಕೈಮುಗಿದ. ಎಲ್ಲೋ ನೋಡಿದ ಮುಖವೆನ್ನಿಸಿತು. "ಎಂಟನೇ ಕ್ಲಾಸಿನಲ್ಲಿ ಸಂಧಿ ಬರಲಿಲ್ಲ ಅಂತ ಐವತ್ತು ಬಸ್ಕಿ ಹೊಡೆಸಿದ್ರಿ ಸಾರ್" ಎಂದು ಅವನೇ ಪರಿಚಯ ಹೇಳಿಕೊಂಡ. ನಾನು ಬಂದ ಕಾರಣವನ್ನು ಹೇಳಿದೆ. ಅವನು ಒಂದು ಕುರ್ಚಿ ತಂದಿಟ್ಟು, "ಕೈ ಊರದೆ ಎದ್ದು ಕೂತು ಮಾಡಿ, ಹತ್ತು ಸಲ" ಎಂದ. ಏಳನೆಯ ಸಲಕ್ಕೆ ನನ್ನ ತೊಡೆ ಉರಿಯತೊಡಗಿತು. ಅವನು ನಗಲಿಲ್ಲ. "ನಿಮಗೆ ಇವತ್ತಿಗೆ ಏಳು ಸಾಕು ಸಾರ್" ಎಂದ. ನಾನು ಹುಡುಗರಿಗೆ ಶಿಕ್ಷೆಯಾಗಿ ಕೊಟ್ಟುದನ್ನು ಆ ಹುಡುಗ ನನಗೆ ಚಿಕಿತ್ಸೆಯಾಗಿ ಕೊಟ್ಟ. ಸಂಧಿ ಪ್ರಕರಣದಲ್ಲಿ ನಾನು ಅವನಿಗೆ ಅಷ್ಟು ಸಾವಧಾನದಿಂದ ಪಾಠ ಹೇಳಿದ್ದೆನೆ? ಇಲ್ಲ.

ಈ ವಿದ್ಯೆಯ ಮೂಲಸೂತ್ರ ಒಂದೇ ಸಾಲಿನದು: ಇಂದು ಎತ್ತಬಲ್ಲುದಕ್ಕಿಂತ ನಾಳೆ ಸ್ವಲ್ಪ ಹೆಚ್ಚು ಎತ್ತು, ಸ್ವಲ್ಪವೇ ಹೆಚ್ಚು. ಪ್ರಾಚೀನ ಗ್ರೀಕರಲ್ಲಿ ಕ್ರೋಟನ್ ನಗರದ ಮಿಲೋ ಎಂಬ ಜಟ್ಟಿಯ ಕಥೆಯಿದೆ. ಕ್ರಿಸ್ತಪೂರ್ವ ಆರನೆಯ ಶತಮಾನದವನು, ಒಲಿಂಪಿಯಾದಲ್ಲಿ ಆರು ಬಾರಿ ಗೆದ್ದವನು. ಅವನು ಒಂದು ಎಳೆಗರುವನ್ನು ದಿನವೂ ಹೆಗಲ ಮೇಲೆ ಹೊತ್ತು ನಡೆಯುತ್ತಿದ್ದನಂತೆ. ಕರು ದಿನದಿನಕ್ಕೆ ಬೆಳೆಯಿತು. ಅದರೊಡನೆ ಅವನ ಬಲವೂ ಬೆಳೆಯಿತು. ಕೊನೆಗೆ ಗೂಳಿಯನ್ನೇ ಹೊತ್ತನಂತೆ. ಕಥೆಯನ್ನು ಅಕ್ಷರಶಃ ನಂಬಬೇಕಾಗಿಲ್ಲ. ಅದರ ತತ್ತ್ವವನ್ನು ಮಾತ್ರ ವೈದ್ಯಶಾಸ್ತ್ರ ಒಪ್ಪಿದೆ. ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರ ಕೃಶವಾದ ಕಾಲುಗಳಿಗೆ ಟಾಮಸ್ ಡಿಲಾರ್ಮ್ ಎಂಬ ಅಮೆರಿಕದ ಸೇನಾವೈದ್ಯ ಕ್ರಮಕ್ರಮವಾಗಿ ಹೆಚ್ಚುವ ಭಾರವನ್ನು ಕಟ್ಟಿ ಎತ್ತಿಸಿದ. 1945ರಲ್ಲಿ ಅದರ ಫಲವನ್ನು ಪ್ರಕಟಿಸಿದ. ಪೈಲ್ವಾನರ ವಿದ್ಯೆ ಹೀಗೆ ಆಸ್ಪತ್ರೆಯ ಬಾಗಿಲನ್ನು ಪ್ರವೇಶಿಸಿತು.

ನನ್ನ ಕರು 20 ಕಿಲೋದ ಒಂದು ಬರಿಯ ಕಬ್ಬಿಣದ ಸರಳು. ಎರಡು ತುದಿಗೂ ಬಿಲ್ಲೆಗಳನ್ನು ಸೇರಿಸುವ ಮುನ್ನ ಅದರ ತೂಕವೇ ಅಷ್ಟು. ಎತ್ತರದ ಕಟ್ಟೆಯ ಮೇಲಿಟ್ಟು ಅಲ್ಲಿಂದ ಎತ್ತುವುದನ್ನು ಮೊದಲು ಕಲಿಸಿದ. ಬೆನ್ನು ಬಾಗದಂತೆ ಸೊಂಟದಿಂದ ಬಗ್ಗಬೇಕು. ಸರಳು ಕಾಲಿಗೆ ತಾಗುವಂತೆಯೇ ಮೇಲಕ್ಕೆ ಬರಬೇಕು. ಉಸಿರನ್ನು ಬಹಳ ಹೊತ್ತು ಬಿಗಿಹಿಡಿಯಬಾರದು, ರಕ್ತದೊತ್ತಡ ಏರುತ್ತದೆ. ತಾಯಿಯನ್ನು ಎತ್ತಹೋದ ದಿನ ನಾನು ಈ ಮೂರರಲ್ಲಿ ಮೂರನ್ನೂ ತಪ್ಪಿದ್ದೆನೆಂದು ಆಗ ತಿಳಿಯಿತು. ಎತ್ತುವುದಕ್ಕೂ ಒಂದು ವ್ಯಾಕರಣವಿದೆ. ಅದನ್ನು ಕಲಿಯದ ಬಲ ಅಪಪ್ರಯೋಗವಾಗುತ್ತದೆ.

ವಾರಕ್ಕೆ ಮೂರು ದಿನ ಸಾಧನೆ, ನಡುವೆ ವಿರಾಮ. ಮೊದಲ ದಿನ ಏನೂ ಆಗಲಿಲ್ಲವೆಂದು ಬೀಗಿದೆ. ಎರಡನೆಯ ದಿನ ಮೆಟ್ಟಿಲಿಳಿಯಲು ಗೋಡೆ ಹಿಡಿದೆ. ಆದರೂ ಆಶ್ಚರ್ಯವೆಂಬಂತೆ ಒಂದು ತಿಂಗಳಲ್ಲೇ ಸರಳು ಹಗುರವಾಯಿತು. ತೋಳು ಮಾತ್ರ ಮೊದಲಿನಂತೆಯೇ ಸಣಕಲು. ಇದೇನು ಮಾಯೆ ಎಂದು ಶಿಷ್ಯನನ್ನು ಕೇಳಿದೆ. ಮೊದಲ ವಾರಗಳಲ್ಲಿ ಬೆಳೆಯುವುದು ಸ್ನಾಯುವಿಗಿಂತ ಹೆಚ್ಚಾಗಿ ನರಗಳ ಜಾಣ್ಮೆ. ಇರುವ ಸ್ನಾಯುವನ್ನೇ ಮಿದುಳು ಪೂರ್ತಿಯಾಗಿ ದುಡಿಸಿಕೊಳ್ಳಲು ಕಲಿಯುತ್ತದೆ ಎಂದು ಅವನು ವಿವರಿಸಿದ. ಪಡೆ ದೊಡ್ಡದಾಗುವ ಮುನ್ನ ಮಲಗಿದ್ದ ಸೈನಿಕರು ಎದ್ದು ಕೂರುತ್ತಾರೆಂದು ಅರ್ಥಮಾಡಿಕೊಂಡೆ.

ಮೂರನೆಯ ತಿಂಗಳಲ್ಲಿ ನಿಜವಾದ ಪರೀಕ್ಷೆ ಬಂತು. ತೂಕದ ಯಂತ್ರದ ಮುಳ್ಳು ಮೇಲಕ್ಕೆ ಸರಿಯಿತು, 71.5 ಇದ್ದುದು 73.5 ಆಯಿತು. ಒಮ್ಮೆ ದಪ್ಪಗಿದ್ದು ಇಳಿದವನಿಗೆ ಆ ಮುಳ್ಳು ಎಂಥ ಭೂತವೆಂಬುದು ಅನುಭವಿಸಿದವರಿಗೆ ಗೊತ್ತು. ಎರಡು ವರ್ಷದ ತಪಸ್ಸು ನೀರುಪಾಲಾಯಿತೆಂದು ಅಂದು ರಾತ್ರಿ ಊಟ ಬಿಟ್ಟೆ. ಮರುದಿನ ಸರಳು ನೆಲ ಬಿಟ್ಟು ಏಳಲಿಲ್ಲ. ಶಿಷ್ಯ ದರ್ಜಿಯ ಪಟ್ಟಿ ತಂದು ಸೊಂಟವನ್ನು ಅಳೆದ. ಒಂದು ಅಂಗುಲ ಕಡಮೆಯಾಗಿತ್ತು. ತಕ್ಕಡಿಗೆ ತೂಕ ಗೊತ್ತು, ವಸ್ತು ಗೊತ್ತಿಲ್ಲ. ಒಂದು ಸೇರು ಹೊಟ್ಟನ್ನೂ ಒಂದು ಸೇರು ಅಕ್ಕಿಯನ್ನೂ ಅದು ಸಮಾನವಾಗಿ ಕಾಣುತ್ತದೆಯೆ? ಕಾಣುವುದಿಲ್ಲವೆನ್ನುತ್ತಾನೆ ವ್ಯಾಪಾರಿ, ಒಂದು ಕಿಲೋಗೆ ಒಂದು ಕಿಲೋ ಎನ್ನುತ್ತದೆ ತಕ್ಕಡಿ. ಅಂದಿನಿಂದ ನಾನು ಆ ಯಂತ್ರವನ್ನು ಮಂಚದ ಕೆಳಗೆ ಸರಿಸಿದ್ದೇನೆ. ತಿಂಗಳಿಗೊಮ್ಮೆ ಮಾತ್ರ ಹೊರತೆಗೆಯುತ್ತೇನೆ.

ಆಹಾರದ ವಿಷಯದಲ್ಲಿಯೂ ಪಾಠ ಬದಲಾಯಿತು. ಎರಡು ವರ್ಷ ನನಗೆ ಊಟವೆಂದರೆ ಶತ್ರು. ಈಗ ಅದನ್ನು ಮತ್ತೆ ಮಿತ್ರನನ್ನಾಗಿ ಮಾಡಿಕೊಳ್ಳಬೇಕಾಯಿತು. ಸ್ನಾಯು ಬೆಳೆಯುವುದು ಎತ್ತುವಾಗಲ್ಲ, ಎತ್ತಿದ ಮೇಲಿನ ಊಟದಲ್ಲಿ ಮತ್ತು ನಿದ್ದೆಯಲ್ಲಿ. ಡಬ್ಬಿಯಲ್ಲಿ ಬರುವ ಪುಡಿಗಳ ಗೋಜಿಗೆ ನಾನು ಹೋಗಲಿಲ್ಲ. ನಮ್ಮ ಅಡಿಗೆಮನೆಯ ಹುರುಳಿಕಾಳಿನಲ್ಲಿಯೇ ನೂರಕ್ಕೆ ಇಪ್ಪತ್ತರಷ್ಟು ಸಸಾರಜನಕವಿದೆ. ಕಡಲೆಕಾಯಿ ಬೀಜದಲ್ಲಿ ಅದಕ್ಕಿಂತಲೂ ಸ್ವಲ್ಪ ಹೆಚ್ಚು. ಮೊಳಕೆ ಹುರುಳಿಯ ಸಾರು, ಮೊಸರು, ಬೇಳೆಯ ಪಲ್ಯ, ಇವು ತಟ್ಟೆಗೆ ಮರಳಿದವು. ಕುದುರೆಗೆ ಹಾಕುವುದನ್ನು ಮೇಷ್ಟ್ರು ತಿನ್ನುತ್ತಾರೆಂದು ಪಕ್ಕದವರು ನಕ್ಕರು. ಹುರುಳಿಯಿಂದಲೇ ಮೈಗೆ ಹುರುಳು ಬರುತ್ತದೆಂದು ನಾನೂ ನಕ್ಕೆ.

ನಾಲ್ಕನೆಯ ತಿಂಗಳಲ್ಲಿ ಒಂದು ದಿನ ಸರಳಿಗೆ ಎರಡು ಕಡೆಯೂ ಐದು ಕಿಲೋದ ಬಿಲ್ಲೆ, ಅದರ ಪಕ್ಕಕ್ಕೆ ಒಂದೂಕಾಲು ಕಿಲೋದ ಪುಟ್ಟ ಬಿಲ್ಲೆ ಸೇರಿಸಿದರು. ಎತ್ತಿ ನಿಂತು ಲೆಕ್ಕ ಹಾಕಿದೆ: 32.5 ಕಿಲೋ. ಎಲ್ಲಿಯೋ ಕಂಡ ಅಂಕಿ ಎನ್ನಿಸಿತು. 104ರಲ್ಲಿ 71.5ನ್ನು ಕಳೆದರೆ ಉಳಿಯುವ ಅಂಕಿ ಅದು. ನಾನು ಕಳೆದುಕೊಂಡ ನಾನೇ ನನ್ನ ಎರಡು ಕೈಗಳಲ್ಲಿ ತೂಗುತ್ತಿದ್ದೆ! ಬೆರಳು ನೋಯುತ್ತಿತ್ತು, ಬೆನ್ನು ಬೆವರುತ್ತಿತ್ತು. ಇಷ್ಟನ್ನು ಹೊತ್ತು ಮೆಟ್ಟಿಲೇರಿದೆನೆ, ಇಷ್ಟನ್ನು ಹೊತ್ತು 'ಪಾಠಗಳನ್ನು ಮಾಡಿದೆನೆ, ಇಷ್ಟನ್ನು ಎದೆಯ ಮೇಲಿಟ್ಟುಕೊಂಡು ನಿದ್ದೆಹೋದೆನೆ ಎಂದು ಬೆರಗಾಯಿತು. ಅದುವರೆಗೆ ನನ್ನ ಹಳೆಯ ದೇಹದ ಮೇಲೆ ನನಗೆ ನಾಚಿಕೆಯೊಂದೇ ಇತ್ತು. ಅಂದು ಮೊದಲ ಬಾರಿಗೆ ಅದರ ಬಗೆಗೆ ಮರುಕ ಹುಟ್ಟಿತು. ಸ್ವಲ್ಪ ಗೌರವವೂ ಹುಟ್ಟಿತು. ಹಗಲಿರುಳು ದೂರದೆ ಹೊತ್ತ ಹಮಾಲಿ ಅದು. ವ್ಯತ್ಯಾಸವಿಷ್ಟೆ: ಆಗ ಇಳಿಸಲಾಗದ ಭಾರ, ಈಗ ಬೇಕೆಂದಾಗ ಎತ್ತಿ, ಸಾಕೆಂದಾಗ ಇಳಿಸಬಹುದಾದ ಭಾರ.

ನನ್ನ ಗುರಿ ಆ ಅಂಕಿಯಲ್ಲ, 45. ಏಕೆಂದು ನಾನು ಯಾರಿಗೂ ಹೇಳಿರಲಿಲ್ಲ. ಏಳನೆಯ ತಿಂಗಳಲ್ಲಿ ಅದೂ ಕೈಗೆ ಬಂತು. ಮಾರನೆಯ ಮಳೆಗಾಲದಲ್ಲಿ ತಾಯಿಗೆ ಜ್ವರ ಬಂದು ನಿತ್ರಾಣವಾದಾಗ ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಮಂಚಕ್ಕೆ ನಾನೇ ಎತ್ತಿ ಕೂರಿಸಿದೆ. ಪಕ್ಕದ ಮನೆಯ ಬಾಗಿಲು ತಟ್ಟಲಿಲ್ಲ. ನನ್ನ ಪರಾಕ್ರಮದ ಬಗ್ಗೆ ಅವರು ಆಡಿದ ಒಂದೇ ಮಾತು: "ಮೊದಲು ನಿನ್ನ ಕೈ ಮೆತ್ತಗಿತ್ತು ಕಣೋ, ಈಗ ಒತ್ತುತ್ತೆ."

ಇಲ್ಲಿ ಕೆಲವು ಸತ್ಯಗಳನ್ನು ಮುಚ್ಚಿಡಬಾರದು. ನಾನು ಕನ್ನಡಿಯಲ್ಲಿ ಜಟ್ಟಿಯಂತೆ ಕಾಣುವುದಿಲ್ಲ. ಹೊಟ್ಟೆಯ ಮೇಲೂ ತೋಳಿನ ಕೆಳಗೂ ಹಳೆಯ ಚರ್ಮ ಸಡಿಲವಾಗಿ ಜೋಲುತ್ತದೆ. ಬಹಳ ತೂಕ ಕಳೆದವರ ಚರ್ಮ ಎಷ್ಟು ವ್ಯಾಯಾಮ ಮಾಡಿದರೂ ಪೂರ್ತಿಯಾಗಿ ಬಿಗಿಯುವುದಿಲ್ಲ. ದೊಡ್ಡ ಅಳತೆಗೆ ಹೊಲಿದ ಅಂಗಿ ಅದು. ಅದನ್ನು ಕಿರಿದು ಮಾಡುವುದು ನಮ್ಮ ದರ್ಜಿಯ ಕೈಲಾಗುವ ಕೆಲಸವಲ್ಲ. ಬಿಟ್ಟುಬಿಟ್ಟರೆ ಬಂದ ಬಲವೂ ಕೆಲವೇ ವಾರಗಳಲ್ಲಿ ಕುಗ್ಗತೊಡಗುತ್ತದೆ. ಕುಳಿತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದೆಂಬ ಗಾದೆ ಸ್ನಾಯುವಿಗೂ ಸಲ್ಲುತ್ತದೆ. ಹೃದಯದ ತೊಂದರೆ, ಏರಿದ ರಕ್ತದೊತ್ತಡ, ಸವೆದ ಎಲುಬು ಇರುವವರು ಡಾಕ್ಟರನ್ನು ಕೇಳದೆ ಸರಳಿಗೆ ಕೈ ಹಾಕಬಾರದು. ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಇಂಥ ಕೆಲಸ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೂ ವಯಸ್ಕರಿಗೆ ಹೇಳುತ್ತದೆ. ಆದರೆ ಅದು ಕಬ್ಬಿಣವೇ ಆಗಬೇಕೆಂದಿಲ್ಲ. ಮರಳು ತುಂಬಿದ ಚೀಲ, ನೀರು ತುಂಬಿದ ಕೊಡ, ಒಂದು ಕುರ್ಚಿ ಇವಿಷ್ಟರಿಂದಲೂ ಆರಂಭಿಸಬಹುದು.

ಕುರ್ಚಿಯೆಂದೊಡನೆ ಕೊನೆಯ ಮಾತು ನೆನಪಾಗುತ್ತದೆ. ಅಮೆರಿಕದ ಬಾಸ್ಟನ್ನಿನಲ್ಲಿ ವೃದ್ಧರ ಆಶ್ರಯದಲ್ಲಿದ್ದ, ಸರಾಸರಿ 90 ವರ್ಷ ವಯಸ್ಸಿನ ಹತ್ತು ಜನರಿಗೆ ಎಂಟು ವಾರ ಕಾಲಿನ ಭಾರಸಾಧನೆ ಮಾಡಿಸಿದ ಪ್ರಯೋಗ 1990ರಲ್ಲಿ ಪ್ರಕಟವಾಯಿತು. ಪೂರೈಸಿದವರ ಕಾಲಿನ ಬಲ ಸರಾಸರಿ ಎರಡೂವರೆ ಪಟ್ಟನ್ನು ಮೀರಿತು. ಇಬ್ಬರು ಊರುಗೋಲನ್ನೇ ಬಿಟ್ಟರು. ಇದನ್ನು ಓದಿದ ದಿನ ನಾನು ಡಾಕ್ಟರ ಒಪ್ಪಿಗೆ ಪಡೆದು ತಾಯಿಯ ಮುಂದೆ ಒಂದು ಗಟ್ಟಿ ಕುರ್ಚಿಯನ್ನು ತಂದಿಟ್ಟೆ. ಮೊದಲು ಅವರು ನನ್ನ ಕೈ ಹಿಡಿದು ಎರಡು ಸಲ ಎದ್ದರು. ಆಮೇಲೆ ಕುರ್ಚಿಯ ತೋಳನ್ನು ಹಿಡಿದು ಮೂರು ಸಲ. ದಿನವೂ ಬೆಳಗ್ಗೆ, ಕಾಫಿಗೆ ಮುಂಚೆ. ತಮ್ಮ ಜಪದ ಸಂಖ್ಯೆಯಂತೆ ಅದನ್ನೂ ಬೆರಳಲ್ಲಿ ಎಣಿಸಿಕೊಳ್ಳುತ್ತಿದ್ದರು.

ಕಳೆದ ತಿಂಗಳು ಒಂದು ಸಂಜೆ ಅವರು ಅಂಗಳದಲ್ಲಿ ಕುಳಿತಿದ್ದರು. ಒಳಗೆ ಕರೆದುಕೊಂಡು ಹೋಗಲೆಂದು ನಾನು ಎದುರಿಗೆ ಹೋಗಿ ನಿಂತೆ. ಕಲಿತ ವಿದ್ಯೆಯಂತೆ ಪಾದಗಳನ್ನು ಅಗಲಿಸಿ, ಬೆನ್ನನ್ನು ನೇರ ಮಾಡಿ, ಸೊಂಟದಿಂದ ಬಗ್ಗಿ, ಎರಡು ಕೈಗಳನ್ನೂ ಚಾಚಿದೆ. ಅವರು ಸೆರಗನ್ನು ಸರಿಮಾಡಿಕೊಂಡು, ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು, ತಾವಾಗಿಯೇ ಎದ್ದು ನಿಂತರು. ಚಾಚಿದ ನನ್ನ ಕೈಗಳನ್ನು ಬಳಸಿಕೊಂಡು ಬಾಗಿಲ ಕಡೆಗೆ ಎರಡು ಹೆಜ್ಜೆ ನಡೆದು, ಹಿಂತಿರುಗಿ ನೋಡಿ ಕೇಳಿದರು:

"ಅಲ್ಲೇ ಬಗ್ಗಿ ನಿಂತುಬಿಟ್ಟೆಯಲ್ಲೋ, ಸೊಂಟ ಉಳುಕಿತೇನೋ?"